ಷಡ್ಡಕ ನೋಡಿ ಬಂದ ಕಾರಿನ ಊರು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಊರಿನವರ ಮೇಲೆಲ್ಲ ಉರಿದುಕೊಂಡು ಓಡಾಡುವವನಲ್ಲ. ಪಕ್ಕದ ಮನೆಯವನು ನಾಲ್ಕು ಮಗ್ಗದಿಂದ ಎಂಟು ಮಗ್ಗಕ್ಕೆ ಹೋದಾಗ ಅವನ ಮನೆಯಲ್ಲಿ ಎರಡು ಲೋಟ ಪಾಯಸ ಕುಡಿದು ಬಂದಿದ್ದೇನೆ. ನನ್ನ ಹೊಟ್ಟೆಕಿಚ್ಚೆಲ್ಲ ಒಬ್ಬನಿಗೇ ಮೀಸಲಾಗಿತ್ತು. ಅವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ.

ಅವನು ಬರುವುದಕ್ಕೆ ಮುಂಚೆ ನಾನು ಮಾವನ ಮನೆಯಲ್ಲಿ ಹೇಗೆ ಮೆರೆಯುತ್ತಿದ್ದೆ ಎಂದು ಹೇಳಬೇಕು. ನನ್ನ ಮದುವೆಯಾದದ್ದು ಎಂಬತ್ತರ ದಶಕದ ಕೊನೆಯಲ್ಲಿ. ನಮ್ಮದು ದೊಡ್ಡಬಳ್ಳಾಪುರ. ಐಟಿಐ ಫಿಟ್ಟರ್ ಪಾಸು ಮಾಡಿದ್ದರೂ ಅಪ್ಪ ಹಾಕಿದ್ದ ಎರಡು ವಿದ್ಯುತ್ ಮಗ್ಗಗಳನ್ನೇ ನಡೆಸಿಕೊಂಡಿದ್ದೆ. ಮುಂದಿನ ಹಜಾರದಲ್ಲಿ ಮಗ್ಗ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಮಾವನ ಊರು ತೂಬಗೆರೆ. ಅವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ಅವರ ಮನೆಯಲ್ಲಿ ಹುಳು ಗೂಡು ಕಟ್ಟುತ್ತಿತ್ತು, ನಮ್ಮ ಮನೆಯಲ್ಲಿ ರೇಷ್ಮೆ ಸೀರೆಯಾಗುತ್ತಿತ್ತು. ‘ನಾವು ಶುರು ಮಾಡಿದ್ದನ್ನ ನಮ್ಮ ಅಳಿಯಂದ್ರು ಮುಗಿಸ್ತಾರೆ’ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಹಬ್ಬಕ್ಕೆ ಹೋದರೆ ಆ ಮನೆಯಲ್ಲಿದ್ದ ಒಂದೇ ಒಂದು ಕೈಯಿರುವ ಕುರ್ಚಿ ನನಗೆ. ಮೊದಲ ಎಲೆ ನನಗೆ. ಕೋಳಿ ಕುಯ್ದರೆ ಕಾಲು ನನಗೆ.

ನನ್ನ ಕೈಚಳಕ ನೋಡಲು ಮಾವ ಒಮ್ಮೆ ತಮ್ಮ ಊರಿನ ಇಬ್ಬರನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿದ್ದರು. ಮಗ್ಗ ಓಡುವಾಗ ಹಾಸಿನ ನೂಲು ಹರಿಯುವುದು ದಿನಾ ಇದ್ದದ್ದೇ. ಸಾಮಾನ್ಯ ನೇಕಾರ ಮಗ್ಗ ನಿಲ್ಲಿಸಿ ನೂಲು ಕೆಚ್ಚಿ, ಅಂದರೆ ಗಂಟು ಹಾಕಿ ಕೂಡಿಸಿ, ಮತ್ತೆ ಓಡಿಸುತ್ತಾನೆ. ಆದರೆ ಮಗ್ಗ ನಿಂತು ಹೊರಟ ಜಾಗದಲ್ಲಿ ಬಟ್ಟೆಯ ಮೇಲೆ ಒಂದು ಸಣ್ಣ ಅಡ್ಡಗೆರೆ ಬೀಳುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ನನ್ನಪ್ಪ ಮಗ್ಗ ನಿಲ್ಲಿಸದೆ, ಅದು ಓಡುತ್ತಿರುವಾಗಲೇ ಹಿಂದಿನಿಂದ ಬಗ್ಗಿ ನೂಲು ಕೆಚ್ಚುವುದನ್ನು ನನಗೆ ಕಲಿಸಿದ್ದರು. ನಮ್ಮ ಬೀದಿಯಲ್ಲಿ ಅದು ಬರುತ್ತಿದ್ದದ್ದು ಮೂವರಿಗೆ. ಅವರಲ್ಲಿ ಇಬ್ಬರು ಮುದುಕರು. ಮಾವನ ಜೊತೆ ಬಂದವರು ನೋಡಿ ಬಾಯಿ ಬಿಟ್ಟರು. ಅವತ್ತು ನಾನು ಬೇಕೆಂದೇ ಎರಡು ನೂಲು ಹರಿದು ತೋರಿಸಿದ್ದೆ.

ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ನಾದಿನಿಯ ಮದುವೆಯಾಯಿತು. ಗಂಡು ಸೂಲಿಬೆಲೆಯವನು. ಮನೆತುಂಬ ಹಸು ಕಟ್ಟಿ ಹಾಲು ಹಾಕುವ ಜನ. ಅವನೂ ಐಟಿಐ, ಎಲೆಕ್ಟ್ರಿಷಿಯನ್. ಹೊಸಕೋಟೆಯಲ್ಲಿ ಮೋಟಾರು ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೆತ್ತಗೆ ಮಾತಾಡುವವನು, ನೋಡುವುದಕ್ಕೂ ಸುಮಾರು. ಇವನಿಂದ ನನಗೇನು ಎಂದುಕೊಂಡೆ. ಮೊದಲ ದೀಪಾವಳಿಗೆ ಅವನು ಬಂದಾಗ ಮಾವ ದೊಡ್ಡಬಳ್ಳಾಪುರಕ್ಕೆ ಆಳು ಕಳಿಸಿ ಇನ್ನೊಂದು ಕೈಯಿರುವ ಕುರ್ಚಿ ತರಿಸಿದ್ದರು. ಅದು ಹೊಸದು. ನನ್ನದರ ಹೆಣಿಗೆ ಸಡಿಲವಾಗಿ ಕೂತರೆ ತಗ್ಗುತ್ತಿತ್ತು. ಅವನು ‘ಅಣ್ಣಾ, ನೀವು ಇದ್ರಲ್ಲಿ ಕೂತ್ಕೊಳ್ಳಿ’ ಎಂದು ಹೊಸ ಕುರ್ಚಿ ನನ್ನ ಕಡೆ ತಳ್ಳಿದ. ಅದು ಇನ್ನೂ ಉರಿಸಿತು. ನಾನು ಹಳೆಯದರಲ್ಲೇ ಕೂತು ಇಡೀ ಹಬ್ಬ ಸೊಂಟನೋವು ತಂದುಕೊಂಡೆ.

ಆಮೇಲಿನ ವರ್ಷಗಳಲ್ಲಿ ನಮ್ಮ ಮಗ್ಗದ ಕೆಲಸ ಮಂಕಾಗುತ್ತಾ ಬಂತು. ಕರೆಂಟು ಹಗಲಿನಲ್ಲಿ ಯಾವಾಗ ಇರುತ್ತದೋ ಯಾವಾಗ ಇಲ್ಲವೋ ಗೊತ್ತಿರುತ್ತಿರಲಿಲ್ಲ. ಬೀದಿ ಬೀದಿಯೇ ಗಡಗಡ ಎನ್ನುತ್ತಿದ್ದದ್ದು ಒಂದೇ ಏಟಿಗೆ ನಿಂತು, ಎಲ್ಲರೂ ಜಗುಲಿಗೆ ಬಂದು ಕೂತುಬಿಡುತ್ತಿದ್ದೆವು. ಒಮ್ಮೆ ಯಾರದೋ ಮದುವೆಯ ಸೀರೆಗೆಂದು ಹೆಂಡತಿಯ ಜೊತೆ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿದ್ದೆ. ಅಂಗಡಿಯವನು ಹಾಸಿದ ಸೀರೆಗಳಲ್ಲಿ ಒಂದರ ಮೇಲೆ ನನ್ನ ಕಣ್ಣು ನಿಂತಿತು. ಗಿಳಿಹಸಿರು ಮೈ, ಕುಂಕುಮದ ಬಣ್ಣದ ಅಂಚು. ಆ ಸೆರಗಿನ ಹೂವಿನ ಸಾಲಿನಲ್ಲಿ ಒಂದು ಎಸಳು ಕಡಿಮೆಯಿತ್ತು. ಅದು ನನ್ನ ಮಗ್ಗದ ಮೇಲೆ ಕೂತು ಹೂವು ಮೂಡಿಸುವ ಜಕಾರ್ಡಿನ ತಪ್ಪು, ನನಗಷ್ಟೇ ಗೊತ್ತಿದ್ದದ್ದು. ‘ಇದು ಕಂಚಿ ಮಾಲು ಅಮ್ಮಾ, ನೇರವಾಗಿ ಅಲ್ಲಿಂದಲೇ ಬರೋದು’ ಎಂದ ಅಂಗಡಿಯವನು. ಹೆಂಡತಿ ಬಾಯಿ ತೆರೆದಳು. ನಾನು ಅವಳ ಕೈ ಚಿವುಟಿದೆ. ಹೊರಗೆ ಬಂದ ಮೇಲೆ ‘ಯಾಕ್ರೀ ಸುಮ್ನಿದ್ರಿ, ನಮ್ಮನೇದು ಅನ್ನೋದಲ್ವಾ?’ ಎಂದಳು. ‘ಅಂದಿದ್ರೆ ಅದನ್ನ ಯಾರೂ ತಗೋತಿರ್ಲಿಲ್ಲ’ ಎಂದೆ. ಒಂದು ವಸ್ತು ಎಲ್ಲಿ ಹುಟ್ಟಿತು ಎನ್ನುವುದು ಎಷ್ಟು ದೊಡ್ಡ ವಿಷಯ ಎಂದು ನನಗೆ ಅವತ್ತು ಗೊತ್ತಾಯಿತು. ಆ ಸೀರೆ ನನ್ನ ಹಜಾರದಲ್ಲಿ ಹುಟ್ಟಿ ಇನ್ನೊಂದು ಊರಿನ ಹೆಸರಿನಲ್ಲಿ ಬದುಕುತ್ತಿತ್ತು.

ಅವತ್ತಿನಿಂದ ಹೆಂಡತಿ ಹಿಡಿದ ಪಟ್ಟು ಒಂದೇ. ಎಲ್ಲಾದರೂ ಕಾರ್ಖಾನೆಗೆ ಸೇರಿಕೊಳ್ಳಿ, ಮಗ್ಗ ಸಾಕು. ಅವಳು ಹನ್ನೆರಡು ಗಂಟೆ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು. ಕೈಬೆರಳ ತುದಿಗಳು ಒಡೆದು ಊಟ ಮಾಡುವಾಗ ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ಮಾತಿನಲ್ಲಿ ಆಸೆಗಿಂತ ದಣಿವು ಹೆಚ್ಚಿತ್ತು. ಅದು ನನಗೆ ಗೊತ್ತಿತ್ತು.

ತೊಂಬತ್ತೇಳರಲ್ಲಿರಬೇಕು, ನೆಲಮಂಗಲದ ಆಚೆ ಹೆದ್ದಾರಿಯ ಪಕ್ಕದಲ್ಲಿ ಒಂದು ಕಾರ್ಖಾನೆ ಎದ್ದಿತು. ಕಾರು ಮಾಡುವುದಲ್ಲ, ಕಾರಿನೊಳಗೆ ಓಡುವ ವೈರುಗಳನ್ನೆಲ್ಲ ಸೇರಿಸಿ ಕಂತೆ ಕಟ್ಟಿ ಕೊಡುವುದು. ಜಪಾನಿನವರು ಪಾಲುದಾರರು. ಐಟಿಐ ಆದವರನ್ನು ತೆಗೆದುಕೊಳ್ಳುತ್ತಾರೆಂದು ಸುದ್ದಿಯಾಯಿತು. ವಯಸ್ಸಿನ ಮಿತಿಗೆ ನನಗೆ ಇನ್ನೂ ಒಂದು ವರ್ಷ ಉಳಿದಿತ್ತು. ಅರ್ಜಿ ಹಾಕಿದೆ. ಷಡ್ಡಕನೂ ಹಾಕಿದ. ಇಬ್ಬರಿಗೂ ಒಂದು ವಾರದ ಪರೀಕ್ಷೆಗೆ ಒಟ್ಟಿಗೇ ಕರೆ ಬಂತು. ನಾನು ಒಳಗೊಳಗೇ ನಕ್ಕೆ. ವೈರು ಎಂದರೆ ದಪ್ಪನೆಯ ನೂಲಲ್ಲವೇ? ನೂಲಿನ ಕೆಲಸದಲ್ಲಿ ಹಾಲು ಕರೆಯುವವರ ಮನೆಯವನು ನನ್ನನ್ನು ಮೀರಿಸುತ್ತಾನೆಯೇ?

ಕೆಲಸ ಹೀಗಿತ್ತು. ಆಳೆತ್ತರದ ಹಲಗೆಗಳು ಸಾಲಾಗಿ ನಿಧಾನಕ್ಕೆ ಚಲಿಸುತ್ತಾ ಬರುತ್ತವೆ. ಒಂದೊಂದರ ಮೇಲೂ ಮೊಳೆಗಳಿವೆ. ನಮ್ಮ ಪಾಲಿನ ವೈರುಗಳನ್ನು ಆ ಮೊಳೆಗಳ ನಡುವೆ ಕೂರಿಸಿ ಟೇಪು ಸುತ್ತಬೇಕು. ತಲೆಯ ಮೇಲೆ ಉದ್ದಕ್ಕೂ ಒಂದು ಹಳದಿ ಹಗ್ಗ. ಏನಾದರೂ ತಪ್ಪು ಕಂಡರೆ ಅದನ್ನು ಎಳೆಯಿರಿ, ಇಡೀ ಸಾಲು ನಿಲ್ಲುತ್ತದೆ ಎಂದು ಹೇಳಿದ್ದರು. ಹೇಳಿದ್ದು ಕೇಳಿಸಿತ್ತು, ಮನಸ್ಸಿಗೆ ಹತ್ತಿರಲಿಲ್ಲ. ನಿಲ್ಲಿಸುವವನು ಕೈಲಾಗದವನು ಎಂದು ಇಪ್ಪತ್ತು ವರ್ಷ ನಂಬಿಕೊಂಡವನಿಗೆ ಹಗ್ಗ ಯಾತಕ್ಕೆ?

ಷಡ್ಡಕ ಮೊದಲ ದಿನವೇ ಮೂರು ಸಲ ಹಗ್ಗ ಎಳೆದ. ಒಮ್ಮೆ ಟೇಪು ಸುಕ್ಕಾಗಿತ್ತಂತೆ. ಒಮ್ಮೆ ಎರಡು ವೈರುಗಳ ಬಣ್ಣದ ಮೇಲೆ ಅವನಿಗೆ ಅನುಮಾನ ಬಂತಂತೆ. ಗಂಟೆ ಮೊಳಗಿ ದೀಪ ಹತ್ತಿ ನಲವತ್ತು ಜನ ಕೈಕಟ್ಟಿ ನಿಂತು ಅವನನ್ನೇ ನೋಡಿದರು. ಅವನು ಕಿವಿಯವರೆಗೆ ಕೆಂಪಾದ. ಊಟದ ಹೊತ್ತಿಗೆ ನಾನು ‘ಏನಪ್ಪಾ, ಹಗ್ಗ ಎಳೆಯೋಕೇ ಬಂದಿದ್ದೀಯಾ? ಬಾವಿ ಹತ್ರ ಬಿಡ್ಬೇಕಿತ್ತು ನಿನ್ನ’ ಎಂದೆ. ಸುತ್ತ ಕೂತವರು ನಕ್ಕರು. ಅವನೂ ನಕ್ಕ. ‘ಗೊತ್ತಾಗ್ಲಿಲ್ಲ ಅಣ್ಣಾ, ಕೇಳ್ಬಿಡೋಣ ಅಂತ ಎಳೆದೆ’ ಎಂದ.

ನಾಲ್ಕನೆಯ ದಿನ ನನ್ನ ಕೈಗೆ ಬಂದ ಒಂದು ವೈರು ನಡುವೆ ಸೀಳಿ ತಂತಿ ತುಂಡಾಗಿತ್ತು. ಹಲಗೆ ಚಲಿಸುತ್ತಿತ್ತು. ನಾನು ಅದರ ಜೊತೆಯಲ್ಲೇ ಹೆಜ್ಜೆ ಹಾಕುತ್ತಾ, ತುದಿಗಳನ್ನು ಹಲ್ಲಿನಿಂದ ಬಿಡಿಸಿ, ನೂಲು ಕೆಚ್ಚಿದಂತೆಯೇ ಕೆಚ್ಚಿ, ಮೇಲೆ ಟೇಪು ಸುತ್ತಿ, ನನ್ನ ಜಾಗ ಮುಗಿಯುವುದರೊಳಗೆ ಮೊಳೆಗಳ ನಡುವೆ ಕೂರಿಸಿಬಿಟ್ಟೆ. ಸಾಲು ಒಂದು ಕ್ಷಣವೂ ನಿಲ್ಲಲಿಲ್ಲ. ಕೊನೆಯಲ್ಲಿ ಕರೆಂಟು ಹಾಯಿಸಿ ಪರೀಕ್ಷೆ ಮಾಡಿದಾಗ ದೀಪವೂ ಹತ್ತಿತು. ನಾನು ಎದೆ ಉಬ್ಬಿಸಿ ನಿಂತೆ.

ಜಪಾನಿನಿಂದ ಬಂದಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಪ್ರತಿ ಕಂತೆಯ ಮೇಲೂ ಬೆರಳಾಡಿಸುತ್ತಿದ್ದರು. ನನ್ನ ಕಂತೆಯ ಮೇಲೆ ಅವರ ಬೆರಳು ಸರಿದು ಬಂದು, ಗಂಟಿನ ಮೇಲೆ ನಿಂತಿತು. ಟೇಪು ಬಿಚ್ಚಿದರು. ಗಂಟನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಯಾರು ಮಾಡಿದ್ದು ಎಂದು ಕೇಳಿದರು. ನಾನು ಮುಂದೆ ಬಂದೆ. ಅವರ ಜೊತೆಗಿದ್ದ ಬೆಂಗಳೂರಿನ ಹುಡುಗಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿದಳು. ‘ನಿಮ್ಮ ಕೈ ತುಂಬ ಚೆನ್ನಾಗಿದೆ ಅಂತಿದ್ದಾರೆ. ಆದ್ರೆ ಈ ವೈರು ಬ್ರೇಕ್ ಲೈಟಿಗೆ ಹೋಗೋದು. ಆರು ತಿಂಗಳು ಕಾರು ಅಲ್ಲಾಡಿದ ಮೇಲೆ ಗಂಟು ಬಿಟ್ಕೊಂಡ್ರೆ, ಹಿಂದೆ ಬರೋನಿಗೆ ಮುಂದಿನ ಕಾರು ನಿಲ್ತಿದೆ ಅಂತ ಗೊತ್ತಾಗಲ್ಲ. ಹಗ್ಗ ಯಾಕೆ ಎಳೀಲಿಲ್ಲ ಅಂತ ಕೇಳ್ತಿದ್ದಾರೆ.’

‘ನಿಲ್ಲಿಸಿದ್ರೆ ಗೆರೆ ಬೀಳುತ್ತೆ ಮೇಡಂ’ ಎಂದೆ. ಆ ಹುಡುಗಿಗೆ ಅರ್ಥವಾಗಲಿಲ್ಲ. ನಾನು ನೇಕಾರ ಎಂದು ಬಿಡಿಸಿ ಹೇಳಿದೆ. ಅವಳು ಅದನ್ನೆಲ್ಲ ಹೇಳಿದ ಮೇಲೆ ಮೇಷ್ಟ್ರು ನನ್ನ ಮುಖ ನೋಡಿ ತಲೆ ಬಗ್ಗಿಸಿದರು, ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನಗೆ ಕೆಲಸ ಸಿಕ್ಕಿತೆಂದೇ ಅಂದುಕೊಂಡೆ. ಎರಡು ವಾರದ ಮೇಲೆ ಷಡ್ಡಕನಿಗೆ ಕಾಗದ ಬಂತು. ನನಗೆ ಬರಲಿಲ್ಲ.

ಅವನು ನೆಲಮಂಗಲದಲ್ಲಿ ಬಾಡಿಗೆ ಮನೆ ಮಾಡಿದ. ಬೂದುಬಣ್ಣದ ಷರಟು, ತಲೆಗೆ ಟೋಪಿ, ಮನೆಯ ಹತ್ತಿರಕ್ಕೇ ಬರುವ ಕಾರ್ಖಾನೆ ಬಸ್ಸು. ಆ ಟೋಪಿ ಹಾಕಿಕೊಂಡೇ ಒಮ್ಮೆ ತೂಬಗೆರೆಗೆ ಬಂದ. ಮಾವ ಅದನ್ನು ತಮ್ಮ ತಲೆಗೆ ಇಟ್ಟುಕೊಂಡು ಕನ್ನಡಿ ನೋಡಿದರು. ನಾನು ನೇಯ್ದು ಕೊಟ್ಟಿದ್ದ ಶಲ್ಯವನ್ನು ಅವರು ಒಂದು ದಿನವೂ ಕನ್ನಡಿಯಲ್ಲಿ ನೋಡಿಕೊಂಡಿರಲಿಲ್ಲ. ಆಮೇಲೆ ಇನ್ನೊಂದು ಸುದ್ದಿ. ಕಾರ್ಖಾನೆಯವರು ಅವನನ್ನು ಮೂರು ತಿಂಗಳ ತರಬೇತಿಗೆ ಜಪಾನಿಗೆ ಕಳಿಸುತ್ತಿದ್ದಾರೆ. ಅದನ್ನು ಕೇಳಿದ ದಿನ ನಾನು ಊಟ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದು ಹೆಂಡತಿಗೆ ಹೇಳಿದೆ, ಒಂದು ರೀತಿಯಲ್ಲಿ ಸುಳ್ಳೇನಲ್ಲ. ಆ ಮೂರು ತಿಂಗಳೂ ಅವನಿಗೆ ಅಲ್ಲಿಯ ಚಳಿ ತಡೆಯದಿರಲಿ, ಊಟ ಒಗ್ಗದಿರಲಿ, ಅರ್ಧಕ್ಕೇ ವಾಪಸ್ಸು ಬರಲಿ ಎಂದು ಬೇಡಿಕೊಂಡೆ. ದೇವರ ಹೆಸರು ಹಿಡಿದು ಬೇಡಿಕೊಳ್ಳಲಿಲ್ಲ, ಅಷ್ಟು ಮಾತ್ರ ಮಾನ ಉಳಿಸಿಕೊಂಡೆ.

ಅವನು ಸಂಕ್ರಾಂತಿಯ ಹೊತ್ತಿಗೆ ಬಂದ, ಸ್ವಲ್ಪ ದಪ್ಪಗಾಗಿ. ತೂಬಗೆರೆಯ ಮನೆಯ ಪಡಸಾಲೆ ತುಂಬಿತ್ತು. ನನಗೆಂದು ಒಂದು ಪುಟ್ಟ ಕತ್ತರಿ ತಂದಿದ್ದ, ನೂಲು ಕತ್ತರಿಸಲು ನೇಕಾರರೇ ಬಳಸುವಂಥದ್ದು. ಇಡೀ ದೊಡ್ಡಬಳ್ಳಾಪುರದಲ್ಲಿ ಅಂಥದ್ದಿರಲಿಲ್ಲ. ಜೇಬಿಗೆ ಹಾಕಿಕೊಂಡೆ, ಚೆನ್ನಾಗಿದೆ ಎನ್ನಲಿಲ್ಲ. ಆಮೇಲೆ ಅವನು ಫೋಟೋಗಳನ್ನು ಹರಡಿದ. ಒಂದರಲ್ಲಿ ಮೊಟಕಾದ ಮೂತಿಯ ಒಂದು ಕಾರು, ಪಕ್ಕದಲ್ಲಿ ಇವನು.

‘ಇದು ಪೆಟ್ರೋಲಲ್ಲೂ ಓಡುತ್ತೆ, ಕರೆಂಟಲ್ಲೂ ಓಡುತ್ತೆ. ಹೈಬ್ರಿಡ್ ಅಂತಾರೆ. ಅಲ್ಲಿ ಈಗ ಎಲ್ಲಾರ ಬಾಯಲ್ಲೂ ಇದೇ’ ಎಂದ.

‘ಹೈಬ್ರಿಡ್ಡಾ? ನಮ್ಮ ಟೊಮೇಟೊ ಥರಾನಾ?’ ಎಂದರು ಮಾವ. ಎಲ್ಲರೂ ನಕ್ಕರು. ಮಾವ ಬಿಡಲಿಲ್ಲ. ‘ನಗಬೇಡಿ. ನಮ್ಮ ಹುಳೂನೂ ಮಿಶ್ರತಳೀನೇ. ಹೆಣ್ಣು ಮೈಸೂರಿಂದು, ಗಂಡು ಜಪಾನ್ ಕಡೇದು ಅಂತ ರೇಷ್ಮೆ ಇಲಾಖೆಯೋರೇ ಹೇಳಿದ್ದಾರೆ.’

ನನಗೆ ಸುಮ್ಮನಿರಲು ಆಗಲಿಲ್ಲ. ‘ಚಾರ್ಜಿಗೆ ಎಷ್ಟೊತ್ತು ಹಾಕ್ಬೇಕು? ನಮ್ಮೂರಲ್ಲಿ ಮಗ್ಗಕ್ಕೇ ಕರೆಂಟಿಲ್ಲ, ಇನ್ನು ಕಾರಿಗೆಲ್ಲಿಂದ ತರೋದಪ್ಪಾ?’ ಎಂದೆ.

‘ಹಾಕೋದೇ ಬೇಡ ಅಣ್ಣಾ. ಓಡ್ತಾ ಓಡ್ತಾ, ಬ್ರೇಕ್ ಹಾಕ್ದಾಗ ತಾನೇ ತುಂಬ್ಕೊಳ್ಳುತ್ತೆ. ಸಿಗ್ನಲ್ಲಲ್ಲಿ ಕಾರು ನಿಂತ್ರೆ ಇಂಜಿನ್ನೂ ನಿಂತ್ಬಿಡುತ್ತೆ. ಒಳಗೆ ಕೂತ್ರೆ ಕೆಟ್ಟೋಯ್ತೇನೋ ಅನ್ಸುತ್ತೆ, ಅಷ್ಟು ಸದ್ದಿರಲ್ಲ.’

‘ಬೆಟ್ಟ ಹತ್ತುತ್ತಾ?’ ಎಂದೆ. ಹತ್ತುತ್ತದೆ ಎಂದ. ಅವನ ಹೆಂಡತಿ ನನ್ನ ಹೆಂಡತಿಯ ಕಡೆ ನೋಡಿ ಮುಗುಳ್ನಕ್ಕಳು. ನನ್ನ ಹೆಂಡತಿ ತಲೆ ತಗ್ಗಿಸಿದಳು.

ಆಗ ಮಾವ ಕೇಳಿದರು. ‘ಅದನ್ನ ಮಾಡೋದೆಲ್ಲಿ ಅಳಿಯಂದ್ರೇ? ಟೋಕಿಯೋದಲ್ಲಾ?’

‘ಇಲ್ಲ ಮಾವ, ಅಲ್ಲಿಂದ ದೂರ. ಕೇಳಿದ್ರೆ ನೀವು ನಂಬಲ್ಲ, ಅದು ಮೊದಲು ರೇಷ್ಮೆ ಊರಂತೆ. ಹಿಪ್ಪುನೇರಳೆ ತೋಟ, ಗೂಡಿನ ವ್ಯಾಪಾರ, ಎಲ್ಲಾ ನಮ್ಮ ಕಡೆ ಥರಾನೇ. ರೇಷ್ಮೆ ಬಿದ್ದೋದ್ಮೇಲೆ ಊರಿನವ್ರೇ ಜಾಗ ಕೊಟ್ಟು ಕಾರು ಮಾಡೋರ್ನ ಕರೆಸ್ಕೊಂಡ್ರಂತೆ. ಆ ಕಾರು ಮಾಡೋರಾದ್ರೂ ಯಾರು? ಮೊದಲು ಮಗ್ಗ ಮಾಡ್ತಿದ್ದೋರು.’ ಅವನು ನನ್ನ ಕಡೆ ತಿರುಗಿದ. ‘ಅಣ್ಣಾ, ಅವರ ಹಳೇ ಮಗ್ಗ ನೋಡಿದೆ. ಕಾಪಾಡಿ ಇಟ್ಟಿದ್ದಾರೆ, ಓಡಿಸಿ ತೋರಿಸ್ತಾರೆ. ನೂಲು ಹರಿದ್ರೆ ತಾನಾಗೇ ನಿಂತ್ಬಿಡುತ್ತೆ. ಆ ನಿಲ್ಲೋ ಬುದ್ಧೀನೇ ಕಾರ್ಖಾನೆ ಹಗ್ಗದವರೆಗೂ ಬಂದಿರೋದು ಅಂದ್ರು ನಮ್ಮ ಮೇಷ್ಟ್ರು. ನಾನು ಮುಟ್ಟಿ ನೋಡಿದೆ.’

ಮುಂದಿನ ಫೋಟೋದಲ್ಲಿ ಆ ಮಗ್ಗವಿತ್ತು. ಅದರ ಚೌಕಟ್ಟಿನ ಮೇಲೆ ಇವನ ಕೈ.

ಕುರ್ಚಿಗೆ ಉರಿದುಕೊಂಡಿದ್ದೆ, ಟೋಪಿಗೆ ಉರಿದುಕೊಂಡಿದ್ದೆ, ವಿಮಾನಕ್ಕೆ ಉರಿದುಕೊಂಡಿದ್ದೆ. ಅವೆಲ್ಲ ಏನೂ ಅಲ್ಲ ಎಂದು ಆ ಫೋಟೋ ನೋಡಿದಾಗ ತಿಳಿಯಿತು. ಕಾರು ಅವನು ನೋಡಲಿ, ಬೇಕಾದರೆ ಹತ್ತಿ ಮೆರೆಯಲಿ. ಆ ಮಗ್ಗ ನನ್ನದು. ಅದರ ಎದುರು ನಿಲ್ಲಬೇಕಾದವನು ನಾನು. ಹಾಸು ಯಾವುದು, ಹೊಕ್ಕು ಯಾವುದು ಎಂದು ಕೇಳಿದರೆ ತಡವರಿಸುವವನು ಅದನ್ನು ಮುಟ್ಟಿ ಬಂದಿದ್ದಾನೆ. ರೇಷ್ಮೆಯ ಊರೊಂದು, ಮಗ್ಗದವರು ಕೆಲವರು ಸೇರಿ ಪ್ರಪಂಚವೇ ತಿರುಗಿ ನೋಡುವ ಕಾರು ಮಾಡಿ ಅದಕ್ಕೆ ತಮ್ಮದೇ ಹೆಸರು ಹಾಕಿಕೊಂಡಿದ್ದಾರೆ. ಇಲ್ಲಿ ನಾನು ನನ್ನ ಸೀರೆಯನ್ನು ನನ್ನದು ಎನ್ನಲಾಗದೆ ಹೆಂಡತಿಯ ಕೈ ಚಿವುಟಿದ್ದೇನೆ. ಆ ಊರಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕಣ್ಣಲ್ಲಿ ನೋಡದ ಊರಿನ ಮೇಲೆ ಹೊಟ್ಟೆಕಿಚ್ಚುಪಟ್ಟವನು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಫೋಟೋವನ್ನು ಪಕ್ಕದವರಿಗೆ ದಾಟಿಸಿ ಎದ್ದು ಹೊರಗೆ ಹೋದೆ.

ಹುಳು ಸಾಕುವ ಮನೆಯ ಹಿಂದೆ ನಿಂತಿದ್ದಾಗ ಅವನು ಹುಡುಕಿಕೊಂಡು ಬಂದ. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮಾತಾಡಿದ.

‘ಅಣ್ಣಾ, ಕಾರ್ಖಾನೇಲಿ ಇನ್ನೊಂದಷ್ಟು ಜನ ಬೇಕಾಗಿದ್ದಾರೆ. ಕಂತೆ ಮೇಲೆ ಬೆರಳಾಡಿಸಿ ತಪ್ಪು ಹಿಡಿಯೋ ಕೆಲಸ. ಮೇಷ್ಟ್ರು ಅಲ್ಲಿ ಸಿಕ್ಕಿದಾಗ ನಾನು ನಿಮ್ಮ ವಿಷಯ ಎತ್ತಿದೆ. ಅವರಿಗೆ ನೆನಪಿದೆ. ಗಂಟು ಹಾಕೋ ಬೆರಳಿಗೆ ಗಂಟು ಹುಡುಕೋದೂ ಬರುತ್ತೆ, ಕರ್ಕೊಂಡು ಬಾ ಅಂದ್ರು. ವಯಸ್ಸಿನದ್ದು ಅವರೇ ನೋಡ್ಕೋತಾರಂತೆ. ಸೋಮವಾರ ಹತ್ತು ಗಂಟೆಗೆ ಸರ್ಟಿಫಿಕೇಟು ತಗೊಂಡು ಗೇಟ್ ಹತ್ರ ಬಂದ್ಬಿಡಿ. ನಾನೇ ನಿಂತಿರ್ತೀನಿ. ಅಕ್ಕಂಗೆ ನೀವೇ ಹೇಳಿ, ಖುಷಿಪಡ್ತಾರೆ.’

‘ಬರ್ತೀನಿ’ ಎಂದೆ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಷರಟು ಹಾಕಿ ಸರ್ಟಿಫಿಕೇಟಿನ ಕವರು ಹಿಡಿದು ಹೊರಟೆ. ನೂಲಿನ ವ್ಯಾಪಾರಿಯನ್ನು ಕಂಡು ಬರುತ್ತೇನೆಂದು ಹೆಂಡತಿಗೆ ಹೇಳಿದೆ. ಕೆಲಸ ಖಚಿತವಾದ ಮೇಲೆ ಹೇಳೋಣ ಎನ್ನುವುದು ನೆಪ. ಅವನು ಕೊಡಿಸಿದ ಎನ್ನುವ ಮಾತು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ನೆಲಮಂಗಲಕ್ಕೆ ಹೋಗಿ ಅಲ್ಲಿಂದ ಕಾರ್ಖಾನೆಯ ಕಡೆಗೆ ಹೋಗುವ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕಾರ್ಖಾನೆಯ ಗೇಟು ಬಂತು. ಅವನು ಟೋಪಿ ಹಾಕಿಕೊಂಡು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದ. ಬರುವ ಬಸ್ಸುಗಳ ಬಾಗಿಲನ್ನೇ ನೋಡುತ್ತಿದ್ದ. ಕಂಡಕ್ಟರು ಕೂಗಿದ. ನಾನು ಏಳಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದು ಎದುರು ಬದಿಗೆ ಹೋಗಿ ನಿಂತೆ. ವಾಪಸ್ಸು ಬರುವ ಬಸ್ಸಿನಲ್ಲಿ ಇಳಿದರಾಯಿತು ಎಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ. ಆ ಬಸ್ಸು ಬರುವಷ್ಟರಲ್ಲಿ ಹನ್ನೊಂದೂವರೆಯಾಗಿತ್ತು. ಹತ್ತಿ ಕೂತೆ. ಬಸ್ಸು ಗೇಟಿನ ಮುಂದೆ ಬಂದಾಗ ಅವನು ಇನ್ನೂ ಅಲ್ಲೇ ನಿಂತಿದ್ದ. ಟೋಪಿ ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ. ಇನ್ನು ಮೇಲೆ ದಿನಾ ಇವನ ಹಿಂದೆ ಆ ಗೇಟಿನೊಳಗೆ ಹೋಗಬೇಕು, ಹಬ್ಬ ಬಂದಾಗಲೆಲ್ಲ ‘ಚಿಕ್ಕಳಿಯ ದೊಡ್ಡಳಿಯಂಗೆ ದಾರಿ ಮಾಡ್ಕೊಟ್ಟ’ ಎಂದು ಮಾವನ ಬಾಯಲ್ಲಿ ಕೇಳಬೇಕು. ಹೆಂಡತಿಯ ಒಡೆದ ಬೆರಳು ನೆನಪಿಗೆ ಬರಲಿಲ್ಲವೇ ಎಂದರೆ, ಬಂತು. ಆದರೂ ಇಳಿಯಲಿಲ್ಲ.

ಅವನು ಆಮೇಲೆ ಒಂದೇ ಒಂದು ಸಲ ಕೇಳಿದ. ‘ಬಸ್ಸು ಸಿಗ್ಲಿಲ್ವಾ ಅಣ್ಣಾ ಅವತ್ತು?’ ‘ಇಲ್ಲ, ಸಿಗ್ಲಿಲ್ಲ’ ಎಂದೆ. ಅವನು ಹೂಂ ಎಂದು ಬೇರೆ ಮಾತಿಗೆ ಹೋದ.

ಇದು ಇಲ್ಲಿಗೇ ಮುಗಿದಿದ್ದರೆ ನಷ್ಟ ನನ್ನದಾಗುತ್ತಿತ್ತು. ನನಗೆ ಗೊತ್ತಿಲ್ಲದ ವಿಷಯವೊಂದಿತ್ತು. ಅವನು ಜಪಾನಿಗೆ ಹೊರಡುವ ಮುಂಚೆ ನನ್ನ ಹೆಂಡತಿ ತಂಗಿಯನ್ನು ಒಂದು ಬದಿಗೆ ಕರೆದು ಕೈ ಹಿಡಿದು ಕೇಳಿಕೊಂಡಿದ್ದಳಂತೆ. ನಿಮ್ಮೆಜಮಾನರಿಗೆ ಹೇಳಿ ನಮ್ಮವರಿಗೂ ಅಲ್ಲೊಂದು ಕೆಲಸ ನೋಡು, ನಾನು ಕೇಳಿದೆನೆಂದು ಅವರಿಗೆ ಮಾತ್ರ ಗೊತ್ತಾಗಬಾರದು ಎಂದು. ಅಕ್ಕನಾಗಿ ತಂಗಿಯ ಮುಂದೆ ಕೈಯೊಡ್ಡುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕು. ಸಂಕ್ರಾಂತಿ ಕಳೆದು ಎರಡು ತಿಂಗಳಾದರೂ ಏನೂ ಸುದ್ದಿಯಿಲ್ಲದಾಗ ಅವಳು ಒಂದು ಮಧ್ಯಾಹ್ನ ಕಂಡಿಕೆ ಸುತ್ತುತ್ತಾ ನನ್ನನ್ನು ಕೇಳಿದಳು.

‘ನಮ್ಮ ತಂಗಿ ಗಂಡ ನಿಮಗೇನಾದ್ರೂ ಹೇಳಿದ್ರಾ, ಕೆಲಸದ ವಿಷಯ?’

ಆಗ ಹೇಳಬಹುದಿತ್ತು. ‘ಅವನಿಗ್ಯಾಕೆ ಬೇಕು ನಮ್ಮ ಚಿಂತೆ? ಅವನು ಈಗ ದೊಡ್ಡ ಮನುಷ್ಯ’ ಎಂದೆ.

ಅವಳು ಯಂತ್ರ ನಿಲ್ಲಿಸಿದಳು. ತಂಗಿಯನ್ನು ಕೇಳಿಕೊಂಡದ್ದನ್ನೆಲ್ಲ ಆಗ ಹೇಳಿ ಅತ್ತಳು. ‘ಬಾಯಿಬಿಟ್ಟು ಕೇಳಿದ್ನಲ್ರೀ. ಒಂದು ಮಾತು ಆಡಿದ್ರೆ ಅವಳ ಗಂಟೇನು ಹೋಗ್ತಿತ್ತು?’ ಎಂದಳು. ನಾನು ಅವಳಿಗೆ ನೀರು ತಂದುಕೊಟ್ಟೆ. ಅದಕ್ಕಿಂತ ಹೆಚ್ಚಿಗೆ ಏನೂ ಮಾಡಲಿಲ್ಲ.

ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ನಾದಿನಿಯ ಮಗಳ ಕಿವಿ ಚುಚ್ಚಿಸುವ ದಿನ ಇವಳು ಹೋಗಲಿಲ್ಲ. ಗೌರಿಹಬ್ಬಕ್ಕೆ ಇಬ್ಬರೂ ಬೇರೆ ಬೇರೆ ದಿನ ತವರಿಗೆ ಹೋದರು. ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು, ಒಬ್ಬಳ ಜಡೆ ಇನ್ನೊಬ್ಬಳು ಹೆಣೆಯದೆ ಶಾಲೆಗೆ ಹೋಗದವರು. ಅತ್ತೆ ಕಾರಣ ತಿಳಿಯದೆ ಇಬ್ಬರಿಗೂ ಬೈಯುತ್ತಿದ್ದರು. ನಾನು ದಿನವೂ ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಬಸ್ಸಿನಿಂದ ಇಳಿಯಲಿಲ್ಲ ಎನ್ನುವುದನ್ನು ಹೇಗೋ ಹೇಳಬಹುದಿತ್ತು. ಒಂದು ವರ್ಷ ಅವಳು ತಂಗಿಯನ್ನು ಶಪಿಸುವುದನ್ನು ಕೇಳಿಕೊಂಡು ಕೂತಿದ್ದೆ ಎನ್ನುವುದನ್ನು ಹೇಗೆ ಹೇಳಲಿ?

ಮುಂದಿನ ವರ್ಷದ ಯುಗಾದಿಗೆ ಮಾವ ಇಬ್ಬರನ್ನೂ ಒಂದೇ ದಿನ ಬರಲೇಬೇಕೆಂದು ಹಟ ಹಿಡಿದು ಕರೆಸಿದರು. ನಾವಿಬ್ಬರು ಅಳಿಯಂದಿರು ಅಕ್ಕಪಕ್ಕ ಎಲೆಯ ಮುಂದೆ ಕೂತಿದ್ದೆವು. ಅಕ್ಕ ಹೋಳಿಗೆ ಬಡಿಸುತ್ತಿದ್ದಳು, ತಂಗಿ ತುಪ್ಪ. ಇಬ್ಬರೂ ಒಬ್ಬರ ದಾರಿಗೆ ಇನ್ನೊಬ್ಬರು ಬಾರದಂತೆ ಸುತ್ತು ಹಾಕಿಕೊಂಡು ಓಡಾಡುತ್ತಿದ್ದರು. ‘ತುಪ್ಪ ಮುಂದೆ ತರೋಕೆ ಹೇಳಮ್ಮಾ’ ಎಂದು ನನ್ನವಳು ತಂಗಿ ಎದುರಿಗಿದ್ದರೂ ಅತ್ತೆಗೆ ಹೇಳಿದಳು. ನಾದಿನಿಯ ಕಣ್ಣು ತುಂಬಿತು. ತುಪ್ಪದ ಗಿಂಡಿ ಕೆಳಗಿಟ್ಟು ‘ಏನು ತಪ್ಪು ಮಾಡ್ದೆ ಅಂತ ಹೇಳಾದ್ರೂ ಹೇಳಕ್ಕಾ! ಆ ಕೆಲಸದ ವಿಷಯಾನಾ? ಇವರ್ಗೆ ನಾನು ಅವತ್ತೇ ಹೇಳಿದ್ದೆ, ಹೇಳ್ತೀನಿ ಬಿಡು ಅಂತಲೇ ಅಂತಿದ್ರು’ ಎಂದು ಗಂಡನ ಕಡೆ ಕೈ ತೋರಿಸಿದಳು.

ಎಲ್ಲರೂ ಅವನ ಮುಖ ನೋಡಿದರು. ಅವನು ಒಂದು ಮಾತಾಡಿದ್ದರೆ ಸಾಕಿತ್ತು. ನನ್ನ ಕಡೆ ಬೆರಳು ತೋರಿಸುವುದೂ ಬೇಕಿರಲಿಲ್ಲ, ತಿರುಗಿ ನೋಡಿದ್ದರೂ ಸಾಕಿತ್ತು. ಅವನು ತಿರುಗಿ ನೋಡಲಿಲ್ಲ.

‘ತಪ್ಪು ನಂದೇ ಅಕ್ಕಾ’ ಎಂದ. ‘ಇವಳು ಹೇಳಿದ್ಲು. ಜಪಾನಿಂದ ಬಂದ ಗಡಿಬಿಡೀಲಿ ಮರ್ತುಬಿಟ್ಟೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು.’

‘ಮರ್ತುಬಿಟ್ರಾ?’ ಎಂದಳು ನನ್ನ ಹೆಂಡತಿ. ‘ಒಂದು ವರ್ಷ ಮರ್ತಿದ್ರಾ?’ ಅವನು ತಲೆ ತಗ್ಗಿಸಿ ಕೂತ. ಮಾವ ತುಂಬಿದ ಪಂಕ್ತಿಯಲ್ಲಿ ಅವನಿಗೆ ಛೀಮಾರಿ ಹಾಕಿದರು. ಅತ್ತೆ ಗೊಣಗಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಅಕ್ಕತಂಗಿಯರು ಅಡುಗೆಮನೆಗೆ ಹೋಗಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ಆಮೇಲೆ ಅಲ್ಲಿಂದ ನಗುವೂ ಕೇಳಿಸಿತು. ನಾನು ಎಲೆಯ ಮೇಲೆ ಅನ್ನ ಹಾಕಿಸಿಕೊಂಡೆ. ಆ ಹೊತ್ತಿನಲ್ಲೂ, ಹೇಳಲು ನಾಚಿಕೆಯಾಗುತ್ತದೆ, ನನಗೆ ಅವನ ಮೇಲೆ ಕೃತಜ್ಞತೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಹೀಗೆ ಮಾಡಲು ನನಗೆ ಬರುತ್ತಿರಲಿಲ್ಲ.

ಆ ಯುಗಾದಿಯಿಂದ ಅವನಿಗೆ ನಮ್ಮ ಸಂಸಾರಗಳಲ್ಲಿ ಮರೆಗುಳಿ ಎಂದೇ ಹೆಸರು. ಮಕ್ಕಳೂ ಹಾಗೇ ಕರೆಯುತ್ತಾರೆ. ಏನಾದರೂ ತರಲು ಹೇಳಿದರೆ ‘ಚೀಟಿ ಬರ್ಕೊಡಿ, ಮರೆಗುಳಿ ಅವರು’ ಎಂದು ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ. ಅವನೂ ಜೊತೆಯಲ್ಲಿ ನಗುತ್ತಾನೆ. ಒಂದು ಮದುವೆಯ ಮನೆಯಲ್ಲಿ ನಾಲ್ಕು ಜನರ ಎದುರು ನಾನೂ ಅವನನ್ನು ಹಾಗೆಂದು ಕರೆದು ನಗಾಡಿದೆ. ಅವನು ನನ್ನ ಮುಖ ನೋಡಿ, ‘ಹೌದಣ್ಣಾ, ವಯಸ್ಸಾಯ್ತಲ್ಲಾ’ ಎಂದ.